ಎಡಗಂಕುಳಿನ ಹದಿನೇಳು ಪಲ

ಫೆಬ್ರವರಿ 5, 1951, ಸೋಮವಾರ. ಹಿಂದೂಪುರ

ಲೈಸೆನ್ಸು ಬಂತು. ಇದಕ್ಕಾಗಿ ಅನಂತಪುರಕ್ಕೆ ನಾಲ್ಕು ಸಲ ಅಲೆದೆ. ಚಪ್ಪಲಿ ಸವೆಯಿತು, ಮರ್ಯಾದೆಯೂ ಸ್ವಲ್ಪ ಸವೆಯಿತು. ಕಾಗದದಲ್ಲಿ ಹೀಗೆ ಬರೆದಿದ್ದಾರೆ: ಅಮರೇಶಪ್ಪ, ವಯಸ್ಸು ಐವತ್ತಮೂರು, ಹುಣಸೆಹಣ್ಣಿನ ವ್ಯಾಪಾರಿ, ಆತ್ಮರಕ್ಷಣೆಗೆ ಒಂದು ರಿವಾಲ್ವರ್. ಓದಿ ನನಗೇ ನಗು ಬಂತು. ಮೂವತ್ತು ವರ್ಷ ಹುಣಸೆಹಣ್ಣು ತೂಗಿದವನ ಆತ್ಮಕ್ಕೆ ಇಷ್ಟೊಂದು ರಕ್ಷಣೆ ಬೇಕೆ?

ಬೇಕಾಗಿದೆ. ಡಿಸೆಂಬರಿನಲ್ಲಿ ಕಲ್ಯಾಣದುರ್ಗದಲ್ಲಿ, ಸಂತೆ ಮುಗಿದು ಜನ ಚದುರಿದ ಮೇಲೆ, ನನ್ನ ಮಂಡಿಯ ಮುಂದೆಯೇ ಕೊಟ್ಟೂರಪ್ಪನನ್ನು ಹೊಡೆದು ಕೊಂದರು. ಹದಿನೆಂಟು ವರ್ಷ ನನ್ನ ಮೂಟೆ ಹೊತ್ತ ಗಾಡಿ ಅವನದು. ಎದುರಿಗೆ ಬಂದ ಅಶ್ವತ್ಥಪ್ಪನ ಗಾಡಿಗೆ ಓಣಿಯಲ್ಲಿ ದಾರಿ ಬಿಡಲಿಲ್ಲವಂತೆ. ಅಷ್ಟಕ್ಕೇ ಮಾತಿಗೆ ಮಾತು ಬೆಳೆದು, ಅಶ್ವತ್ಥಪ್ಪ ಗಾಡಿಯ ಗೂಟ ಕಿತ್ತು ತಲೆಗೆ ಬಾರಿಸಿದ. ನಾನು ಹತ್ತು ಮಾರು ದೂರದಲ್ಲಿದ್ದೆ. ಕೂಗಬಹುದಿತ್ತು, ಓಡಿ ಹೋಗಿ ಹಿಡಿಯಬಹುದಿತ್ತು. ಹುಣಸೆ ಮೂಟೆಗಳ ಹಿಂದೆ ಕೂತುಬಿಟ್ಟೆ. ಸಂದಿಯಿಂದ ಕಂಡವನು ನಾನೊಬ್ಬನೇ. ಕೇಸಿಗೆ ಇರುವ ಸಾಕ್ಷಿಯೂ ನಾನೊಬ್ಬನೇ.

ಪೊಲೀಸರಿಗೆ ಹೇಳಿಕೆ ಕೊಟ್ಟ ವಾರಕ್ಕೆ ಯಾರೋ ಒಬ್ಬ ಅಂಗಡಿಗೆ ಬಂದು ಒಂದು ವೀಸೆ ಹಣ್ಣು ಕೊಂಡ. ಹೋಗುವಾಗ ತಿರುಗಿ ನಿಂತು, "ಕಲ್ಯಾಣದುರ್ಗಂ ದಾಕಾ ತಿರುಗುತಾರಂಟ ಕದಾ ಸಾಹುಕಾರು. ಜಾಗ್ರತ್ತ" ಎಂದ. ಕಲ್ಯಾಣದುರ್ಗದವರೆಗೂ ತಿರುಗುತ್ತೀರಂತಲ್ಲ, ಹುಷಾರು ಅಂತ. ಹೆಂಡತಿಯ ತಮ್ಮ ಮರುಳಪ್ಪ ಪಕ್ಕದಲ್ಲೇ ಇದ್ದ. "ಭಾವ, ಇದು ಬೆದರಿಕೆ ಕಣ್ ಭಾವ. ನಿಮ್ದು ಇಲ್ಲಿಂದ ಅಲ್ಲೀಗಂಟ ಓಡಾಡೋ ಜೀವ. ಬರೀ ಕೈಲಿ ತಿರುಗ್ಬ್ಯಾಡಿ" ಎಂದ. ಅವತ್ತಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ? ಅದಕ್ಕೇ ಈ ಹಳೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 9, ಶುಕ್ರವಾರ

ಮರುಳಪ್ಪನ ಜೊತೆ ಬಳ್ಳಾರಿಗೆ ಹೋಗಿ ಬಂದೆ. ರೈಲಿನ ಕರಿ ಬಿದ್ದು ಕಣ್ಣು ಇನ್ನೂ ಉರಿಯುತ್ತಿದೆ.

ಬಂದೂಕಿನ ಅಂಗಡಿಯವನು ಮೂರು ರಿವಾಲ್ವರ್ ತೆಗೆದಿಟ್ಟ. ಮೊದಲನೆಯದು ಗೇಣುದ್ದ ನಳಿಗೆಯದು, ಆರು ಗುಂಡಿನದು. ಮರುಳಪ್ಪನಿಗೆ ಅದೇ ಹಿಡಿಸಿತು. "ಇದನ್ನ ನೋಡಿದ್ರೇ ಓಡ್ತಾರೆ ಭಾವ" ಎಂದ. ಅಂಗಡಿಯವನು ತಲೆಯಾಡಿಸಿದ: "ಮಂದಿಗೆ ಕಾಣಬಾರದು ಅಂತೀರಿ, ಮತ್ತ ಇದನ್ನ ಎಲ್ಲಿ ಮುಚ್ಚಿಡ್ತೀರ್ರಿ?" ಎರಡನೆಯದು ಗಿಡ್ಡವೇ, ಆದರೆ ಹಿಂದುಗಡೆ ತೋಟಾ ಸಿಡಿಸುವ ಸುತ್ತಿಗೆ ಕೊಕ್ಕೆಯಂತೆ ಎದ್ದುನಿಂತಿತ್ತು. ಜೇಬಿನಲ್ಲಿಟ್ಟು ಎಳೆದು ತೋರಿಸಿ ಎಂದ. ಎಳೆದೆ, ರಿವಾಲ್ವರಿನ ಜೊತೆಗೆ ಜೇಬಿನ ಒಳಬಟ್ಟೆಯೂ ಬಂತು. ಮೂರನೆಯದರಲ್ಲಿ ಆ ಕೊಕ್ಕೆಯನ್ನು ಒಳಗೇ ಅಡಗಿಸಿದ್ದಾರೆ. ಎರಡಂಗುಲದ ನಳಿಗೆ. ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಟ್ರಿಗರ್ ಬಿಗಿ, ಅದು ಒಳ್ಳೆಯದಂತೆ, ಕೈತಪ್ಪಿ ಹಾರುವುದಿಲ್ಲವಂತೆ. ಗುಂಡು ಮಾತ್ರ ಐದೇ.

"ಐದು ಸಾಕೇ?" ಎಂದೆ.

"ಐದ್ರಾಗ ಆಗ್ಲಿಲ್ಲಂದ್ರ ಆರನೇದಕ್ಕ ನೀವೇ ಇರಂಗಿಲ್ಲ ಸಾಹುಕಾರ್ರ" ಎಂದ ಪುಣ್ಯಾತ್ಮ. ಅದನ್ನೇ ಕೊಂಡೆ.

ಊರಿಗೆ ಬಂದು ನಮ್ಮ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆ. ಅಭ್ಯಾಸ, ಏನು ಕೈಗೆ ಬಂದರೂ ತೂಗುವುದೇ. ಹದಿನೈದು ಪಲ. ತೋಟಾ ತುಂಬಿದ ಮೇಲೆ ಹದಿನೇಳು. ನಲವತ್ತು ಪಲಕ್ಕೆ ಒಂದು ವೀಸೆ. ಇದು ಅರ್ಧ ವೀಸೆಯೂ ಆಗಲಿಲ್ಲ. ಆದರೂ ಮನೆಗೆ ತರುವಷ್ಟರಲ್ಲಿ ತೋಳು ಸೋತಿತ್ತು.

ಫೆಬ್ರವರಿ 12, ಸೋಮವಾರ

ಮೂರು ದಿನದಿಂದ ಇದನ್ನು ಎಲ್ಲಿಟ್ಟುಕೊಳ್ಳುವುದು ಎಂಬುದೇ ಒಂದು ಕೆಲಸವಾಗಿದೆ.

ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದೆ. ನಡುಮನೆಯಿಂದ ಹಿತ್ತಲ ಬಾಗಿಲಿಗೆ ಹೋಗುವಷ್ಟರಲ್ಲಿ ಪಂಚೆಯ ಸಮೇತ ಜಾರಿತು. ದ್ರಾಕ್ಷಾಯಣಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಪಂಚೆ ಉದುರೋದ್ ನೋಡಿ ಬಂದೋರೇ ಓಡೋಯ್ತಾರೆ ಬುಡಿ" ಎಂದಳು. ನಾನೂ ನಕ್ಕೆ. ಹೆಂಡತಿ ಹಾಗೆ ನಕ್ಕು ಬಹಳ ದಿನವಾಗಿತ್ತು.

ಕೋಟಿನ ಜೇಬಿಗೆ ಹಾಕಿದೆ. ಕೋಟು ಒಂದು ಮಗ್ಗುಲಿಗೆ ಜೋತುಬಿತ್ತು. ಎದುರು ಸಾಲಿನ ಬೆಲ್ಲದ ಈರಲಿಂಗಪ್ಪ ನನ್ನ ಜೊತೆ ಸ್ಲೇಟು ಹಿಡಿದವನು, ಅವನ ಕಣ್ಣಿಗೆ ಏನೂ ತಪ್ಪುವುದಿಲ್ಲ. "ಏನ್ಲಾ ಅಮರೇಶ, ಜೇಬಲ್ಲಿ ಕಲ್ಲಿಟ್ಕಂಡು ತಿರುಗ್ತಿದ್ದೀಯ? ಯಾರ್ ಮನೆ ಹಂಚು ಒಡೀಬೇಕೂಂತ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

ಮಾದರಿ ಹಣ್ಣಿನ ಕೈಚೀಲಕ್ಕೆ ಹಾಕಿದೆ. ಸಂಜೆ ತೆಗೆದರೆ ನಳಿಗೆಯ ತುಂಬ ಹುಣಸೆಹಣ್ಣು. ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ಬೆರಳು ಕಪ್ಪಾಯಿತು.

ಫೆಬ್ರವರಿ 15, ಗುರುವಾರ

ಚಪ್ಪಲಿ ಹೊಲಿಯುವವನ ಹತ್ತಿರ ಚರ್ಮದ ಚೀಲ ಮಾಡಿಸಿದೆ. ಎಡಗಂಕುಳಿನ ಕೆಳಗೆ, ಬನಿಯನ್ನಿನ ಮೇಲೆ ಕೂರುತ್ತದೆ; ಪಟ್ಟಿ ಹೆಗಲ ಮೇಲಿಂದ ಬೆನ್ನಿಗೆ ಹೋಗುತ್ತದೆ. ಮೇಲೆ ಅಂಗಿ. ಅಂಗಿಯ ಎರಡು ಗುಂಡಿ ಬಿಚ್ಚಿಟ್ಟರೆ ಬಲಗೈ ಒಳಗೆ ಹೋಗುತ್ತದೆ. ಯಾರಿಗೂ ಏನೂ ಕಾಣುವುದಿಲ್ಲ. ಕೊನೆಗೂ ಒಂದು ದಾರಿ ಸಿಕ್ಕಿತು ಅಂದುಕೊಂಡೆ.

ಆದರೆ ಆ ಜಾಗದಲ್ಲಿ ಆಗಲೇ ಲಿಂಗವಿದೆ. ಬೆಳ್ಳಿಯ ಕರಡಿಗೆಯೊಳಗಿನ ನನ್ನ ಇಷ್ಟಲಿಂಗ ಶಿವದಾರದಲ್ಲಿ ಎದೆಯ ಎಡಕ್ಕೇ ತೂಗುವುದು. ನಡೆದರೆ ಕರಡಿಗೆ ಹೋಗಿ ಕಬ್ಬಿಣಕ್ಕೆ ತಾಗಿ ಟಿಣ್ ಟಿಣ್ ಅನ್ನುತ್ತದೆ. ಅಷ್ಟೇ ಅಲ್ಲ, ಅವಸರದಲ್ಲಿ ಕೈ ಹಾಕಿದರೆ ಮೊದಲು ಸಿಗುವುದು ಅದೇ. ಕನ್ನಡಿಯ ಮುಂದೆ ಇಪ್ಪತ್ತು ಸಲ ಅಭ್ಯಾಸ ಮಾಡಿದೆ. ಹನ್ನೊಂದು ಸಲ ಕೈಗೆ ಲಿಂಗ ಬಂತು. ಬಲಕ್ಕೆ ಸರಿಸಿ ಕಟ್ಟಿದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮತ್ತೆ ಎಡಕ್ಕೆ ಬಂತು.

ಎಂಟು ವರ್ಷದವನಿದ್ದಾಗ ಗುರುಗಳು ಕಟ್ಟಿದ ಲಿಂಗ. ಸ್ನಾನದಲ್ಲೂ ಮೈಯಿಂದ ಬೇರೆಯಾಗಿಲ್ಲ. ಪ್ರಯಾಣದ ದಿನ ಮಾತ್ರ ದೇವರ ಗೂಡಿನಲ್ಲಿಟ್ಟು ಹೋಗುವುದು ಎಂದು ತೀರ್ಮಾನ ಮಾಡಿದೆ. ವಾರಕ್ಕೆ ಎರಡು ದಿನದ ಮಾತು. ನನ್ನ ಕಷ್ಟ ಶಿವನಿಗೆ ಗೊತ್ತಿಲ್ಲವೇ?

ಫೆಬ್ರವರಿ 19, ಸೋಮವಾರ. ಕಲ್ಯಾಣದುರ್ಗ

ಮಡಕಶಿರಾ ಮೇಲೆ ಬರುವ ಬಸ್ಸಿನಲ್ಲಿ ಬಂದೆ. ಯಾವಾಗಲೂ ಡ್ರೈವರಿನ ಪಕ್ಕ ಕೂತು ಹರಟುತ್ತ ಬರುತ್ತಿದ್ದವನು ಇವತ್ತು ಕೊನೆಯ ಸೀಟು ಹಿಡಿದೆ. ಬೆನ್ನಿಗೆ ಹಲಗೆಯಿದ್ದರೆ ಒಂದು ಕಡೆಯ ಚಿಂತೆ ತಪ್ಪುತ್ತದೆ.

ಕೊಟ್ಟೂರಪ್ಪನ ತಾಯಿ ಎರ್ರಮ್ಮ ಮಂಡಿಗೆ ಬಂದಿದ್ದಳು. ಎಪ್ಪತ್ತರ ಮುದುಕಿ, ಇದ್ದವನು ಅವನೊಬ್ಬನೇ. ನೆಲದ ಮೇಲೆ ಕೂತು ಹೇಳಿದಳು: "ನಾವು ಲಿಂಗ ಕಟ್ಟೋ ಜನ ಅಲ್ಲ ಸಾವ್ಕಾರ್ರೇ. ಆದ್ರೂ ನನ್ ಮಗ ಅಂತಿದ್ದ, ನಮ್ ಸಾವ್ಕಾರ್ರು ಲಿಂಗ ಕಟ್ಟಿರೋರು, ತಕ್ಕಡೀಲೂ ಸುಳ್ಳಾಡಾಕಿಲ್ಲ ಕಣವ್ವಾ ಅಂತ. ಕೋರ್ಟ್ನಾಗೆ ನೀವು ಕಂಡಿದ್ದು ಒಂದ್ ಮಾತು ಹೇಳ್ಬುಡಿ. ಹೊಡ್ದೋನು ಇದೇ ಬೀದೀಲಿ ಮೀಸೆ ತಿರುವ್ಕಂಡು ಓಡಾಡಬಾರ್ದು. ನಂಗಿನ್ನೇನೂ ಬ್ಯಾಡ."

"ಹೇಳ್ತೀನಿ ಕಣಮ್ಮ. ಖಂಡಿತ ಹೇಳ್ತೀನಿ" ಎಂದೆ.

"ಸಾಯೋವಾಗ ಏನಾರ ಕೂಗಿದ್ನಾ ಸಾವ್ಕಾರ್ರೇ?"

ಎದ್ದು ಹೋಗಿ ನೀರು ತಂದುಕೊಟ್ಟೆ. ಕೂಗಿದ್ದ. "ಸಾವ್ಕಾರ್ರೇ, ಬರ್ರೀ" ಎಂದು ಮಂಡಿಯ ಕಡೆ ತಿರುಗಿ ಕೂಗಿದ್ದ. ನಾನು ಒಳಗಿರುವುದು ಅವನಿಗೆ ಗೊತ್ತಿತ್ತು. ಇದನ್ನು ಪೊಲೀಸರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಫೆಬ್ರವರಿ 24, ಶನಿವಾರ. ಹಿಂದೂಪುರ

ಲಿಂಗ ಗೂಡಿನಲ್ಲೇ ಇದೆ. ದಿನಾ ಕಟ್ಟಿ ಬಿಚ್ಚಿ ಮಾಡಿದರೆ ಶಿವದಾರ ಸವೆಯುತ್ತದೆ. ಸೋಮವಾರ ಹೇಗೂ ಪ್ರಯಾಣ.

ಮಾರ್ಚ್ 2, ಶುಕ್ರವಾರ

ಕಲ್ಯಾಣದುರ್ಗದಿಂದ ನಲವತ್ತು ಮೂಟೆ ಬಂತು. ಬಿಸಿಲು ಈಗಲೇ ಕೊಲ್ಲುತ್ತಿದೆ.

ದ್ರಾಕ್ಷಾಯಣಮ್ಮ ಎರಡು ಗಂಟೆಯಾದರೂ ಊಟಕ್ಕೆ ಕೂರಲಿಲ್ಲ. "ನೀವು ಪೂಜೆ ಮಾಡ್ಕಳಿ. ಆಮ್ಯಾಕೆ ನಾನು ಉಂಡ್ರಾಯ್ತು" ಎಂದಳು. ನಿನ್ನೆಯೂ ಹೀಗೇ ಅಂದಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ಕರಡಿಗೆ ಬ್ಯಾಡ, ಸದ್ದಾಯ್ತದೆ. ಬಟ್ಟೇಲಿ ಸುತ್ತಿ ಕೊರಳಿಗೆ ಕಟ್ಕಳಿ" ಎಂದಳು.

"ಕೈಗೆ ಅಡ್ಡ ಬತ್ತದೆ ಕಣೇ" ಎಂದೆ. ಬಿಸಿಲಿಗೆ ಅವಳ ಹೊಟ್ಟೆ ಕೆಟ್ಟಿರಬೇಕು, ಮುಖ ಇಳಿದುಹೋಗಿದೆ. ನಾನು ಉಂಡು ಅಂಗಡಿಗೆ ಹೋದೆ.

ಮಾರ್ಚ್ 7, ಬುಧವಾರ

ನಿನ್ನೆ ಶಿವರಾತ್ರಿ. ಸಾಯಂಕಾಲ ಗುಡಿಯ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಹೋಗಲಿಲ್ಲ, ನೂಕುನುಗ್ಗಲಿದ್ದರೆ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯುವುದಿಲ್ಲ. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು. ಏನು ಮಾಡಿದೆನೋ ನನಗೇ ಗೊತ್ತಿಲ್ಲ. ತಿರುಗುವಷ್ಟರಲ್ಲಿ ರಿವಾಲ್ವರ್ ಕೈಯಲ್ಲಿತ್ತು.

ಈರಲಿಂಗಪ್ಪ. ನನ್ನ ಹಣೆಗೆ ಹಚ್ಚಲು ವಿಭೂತಿ ತಂದಿದ್ದ. ವಿಭೂತಿಯೆಲ್ಲ ಅವನ ಕಾಲ ಮೇಲೆ ಚೆಲ್ಲಿತ್ತು. "ನಾನು ಕಣ್ಲಾ ಅಮರೇಶ. ನಾನು" ಎಂದ. ಅವನ ತುಟಿ ಬಿಳಿಚಿಕೊಂಡಿತ್ತು. ಹಿಂದಿನಿಂದ ಬಂದು ಮೈ ಮುಟ್ಟುವುದು ಯಾವ ತಮಾಷೆ? ನಾನು ಎಂಥ ಸ್ಥಿತಿಯಲ್ಲಿದ್ದೇನೆಂದು ಅವನಿಗೆ ತಿಳಿಯಬೇಡವೇ?

ಒಂದು ಮಾತು ಮಾತ್ರ ಹೇಳಬೇಕು, ಈ ಸಲ ಕೈಗೆ ಏನೂ ಅಡ್ಡ ಬರಲಿಲ್ಲ.

ಮಾರ್ಚ್ 14, ಬುಧವಾರ

ಸಮನ್ಸು ಬಂತು. ಇಪ್ಪತ್ತೊಂಬತ್ತಕ್ಕೆ ಕಲ್ಯಾಣದುರ್ಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಾಕ್ಷಿ. ಅಲ್ಲಿ ನನ್ನ ಮಾತು ಗಟ್ಟಿಯಾಗಿ ನಿಂತರೆ ಕೇಸು ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ನಿಲ್ಲದಿದ್ದರೆ ಅಶ್ವತ್ಥಪ್ಪ ಅವತ್ತೇ ಮನೆಗೆ ಹೋಗುತ್ತಾನೆ.

ಇವತ್ತು ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ನನ್ನ ತೋಳು ಹಿಡಿದು, "ಕಿಂದಿಕಿ ಚೂಸಿ ದಿಗಂಡಿ ಸಾಹುಕಾರು. ಜಾಗ್ರತ್ತ" ಎಂದ. ಕೆಳಗೆ ನೋಡಿ ಇಳಿಯಬೇಕಂತೆ, ಹುಷಾರಾಗಿರಬೇಕಂತೆ. ಅವನ ಮುಖ ಚೆನ್ನಾಗಿ ನೋಡಿಕೊಂಡಿದ್ದೇನೆ. ಯಾವ ಊರಿನವನೆಂದು ವಿಚಾರಿಸಬೇಕು.

ಮಾರ್ಚ್ 21, ಬುಧವಾರ

ಈರಲಿಂಗಪ್ಪ ನಮ್ಮ ಅಂಗಡಿಯ ಕಡೆ ಬಂದು ಎರಡು ವಾರವಾಯಿತು. ಬೆಲ್ಲದ ವ್ಯಾಪಾರದಲ್ಲಿ ಬಿಡುವಿಲ್ಲವೇನೋ. ಕಂಕುಳ ಕೆಳಗೆ ಪಟ್ಟಿ ಉಜ್ಜಿ ಹುಣ್ಣಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಎಡ ಹೆಗಲು ಮರಗಟ್ಟಿದೆ. ಸಾಕಾಗಿದೆ, ಶಿವನೇ, ಸಾಕಾಗಿದೆ.

ಮಾರ್ಚ್ 28, ಬುಧವಾರ

ಬೆಳಿಗ್ಗೆ ಹೊರಡುವಾಗ ದ್ರಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನನ್ನ ಲಿಂಗ, ಹೊಸ ಬಿಳೀ ಬಟ್ಟೆಯಲ್ಲಿ ಸುತ್ತಿದ್ದು.

"ನಾಳೆ ಒಂದಿನ ಕಟ್ಕಂಡು ಹೋಗಿ. ಏನಾರ ಆಗ್ಬುಟ್ರೆ, ಮೈಮ್ಯಾಲೆ ಲಿಂಗ ಇಲ್ದೆ..."

"ಏನೂ ಆಗ್ಬಾರ್ದು ಅಂತಾನೇ ಇದನ್ನ ಕಟ್ಕಂಡಿರೋದು. ಎಲ್ಲಾ ಮುಗೀಲಿ, ಗುರುಗಳ್ನ ಕರೆಸಿ ಶಾಸ್ತ್ರವಾಗಿ ಕಟ್ಟಿಸ್ಕೊಳ್ಳಾನ" ಎಂದೆ. ಬಸ್ಸಿಗೆ ಹೊತ್ತಾಗಿತ್ತು. ಅವಳನ್ನು ಪಕ್ಕಕ್ಕೆ ಸರಿಸಿದೆ. ತಟ್ಟೆ ಅಲುಗಾಡಿದ್ದಕ್ಕೆ ಹೆದರಿ ಎದೆಗೆ ಅವುಚಿಕೊಂಡಳು.

ಮಾರ್ಚ್ 29, ಗುರುವಾರ. ಕಲ್ಯಾಣದುರ್ಗ

ಎಲ್ಲ ಮುಗಿಯಿತು. ಕ್ರಮವಾಗಿ ಬರೆಯಬೇಕು.

ಕೋರ್ಟಿನ ಬಾಗಿಲಲ್ಲಿ ಕಾನ್‌ಸ್ಟೇಬಲ್ ರಿವಾಲ್ವರ್ ತೆಗೆಸಿ ತನ್ನ ಪೆಟ್ಟಿಗೆಯಲ್ಲಿಟ್ಟು ಚೀಟಿ ಕೊಟ್ಟ. ಆರು ವಾರದ ಮೇಲೆ ಮೈ ಹಗುರಾಯಿತು. ಖಾಲಿ ಚೀಲ ಮಾತ್ರ ಅಂಗಿಯೊಳಗೆ ಉಳಿಯಿತು. ಎರ್ರಮ್ಮ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು.

ಎಲ್ಲ ತೆಲುಗಿನಲ್ಲಿ ನಡೆಯಿತು. ಸರ್ಕಾರದ ಕಡೆಯವರು ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದೆ: ಅಶ್ವತ್ಥಪ್ಪ, ಗಾಡಿಯ ಗೂಟ, ತಲೆಗೆ ಏಟು. ಧ್ವನಿ ಗಟ್ಟಿಯಾಗಿಯೇ ಇತ್ತು. ಎರ್ರಮ್ಮ ತಲೆಯಾಡಿಸುತ್ತ ಕೇಳುತ್ತಿದ್ದಳು.

ಆಮೇಲೆ ಅಶ್ವತ್ಥಪ್ಪನ ವಕೀಲರು ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಅಶ್ವತ್ಥಪ್ಪನ ತಂದೆ ವೆಂಕಟರಾಯಪ್ಪ ಅವರ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದ. ವಕೀಲರು ಬೇಡವೆಂದರು. ಮುದುಕ ಬಿಡಲಿಲ್ಲ. ವಕೀಲರು ನಿಟ್ಟುಸಿರುಬಿಟ್ಟು ಮ್ಯಾಜಿಸ್ಟ್ರೇಟರ ಕಡೆ ತಿರುಗಿದರು. "ಆರೋಪಿಯ ತಂದೆ ಒಂದು ಮಾತು ಕೇಳುತ್ತಿದ್ದಾರೆ. ಸಾಕ್ಷಿಯವರು ಲಿಂಗವಂತರು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಹೊಡೆದವನು ಅಶ್ವತ್ಥಪ್ಪನೇ ಎಂದರೆ, ನಮ್ಮ ಕಡೆಯಿಂದ ಒಂದು ಪ್ರಶ್ನೆಯೂ ಇಲ್ಲ. ನಾವು ಒಪ್ಪುತ್ತೇವೆ."

ಮ್ಯಾಜಿಸ್ಟ್ರೇಟರು, "ಅದೇನೂ ಕಡ್ಡಾಯವಲ್ಲ. ಸಾಕ್ಷಿ ತಾವಾಗಿ ಒಪ್ಪಿದರೆ ಅಡ್ಡಿಯಿಲ್ಲ" ಎಂದರು.

ವೆಂಕಟರಾಯಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಮಗ ಮಾಡಿದನೋ ಇಲ್ಲವೋ ಎಂದು ಅವನಿಗೂ ಒಂದು ಸಲ ತಿಳಿಯಬೇಕಿತ್ತು. ಎರ್ರಮ್ಮ ಎದ್ದು ನಿಂತು, "ಹೇಳ್ತಾರೆ ಬುಡಿ ಸ್ವಾಮಿ. ನಮ್ ಸಾವ್ಕಾರ್ರು ಹೇಳ್ತಾರೆ" ಎಂದಳು. ಅವಳ ಮುಖ ಅರಳಿತ್ತು. ಗೆದ್ದೆವು ಅಂದುಕೊಂಡಿದ್ದಳು. ನಿಜಕ್ಕೂ ಗೆದ್ದಿದ್ದೆವು.

ಕೈ ತಾನಾಗಿ ಅಂಗಿಯೊಳಗೆ ಹೋಯಿತು. ಆರು ವಾರ ಪಳಗಿದ ಕೈ, ಒಂದು ಕ್ಷಣ ಹಿಡಿಯಲಿಲ್ಲ. ಖಾಲಿ ಚೀಲದ ಬಾಯಿ ಸಿಕ್ಕಿತು.

"ಲಿಂಗ ಇಲ್ಲ" ಎಂದೆ.

"ಇಲ್ಲ ಎಂದರೆ?" ಎಂದರು ವಕೀಲರು.

"ಮನೆಯಲ್ಲಿದೆ. ಬಿಚ್ಚಿಟ್ಟಿದ್ದೇನೆ."

ನಮ್ಮ ಜನ ಇಬ್ಬರು ಮೂವರು ಹಿಂದೆ ಕೂತಿದ್ದರು, ಅವರು ತಲೆ ತಗ್ಗಿಸಿದರು. ಆಮೇಲೆ ವಕೀಲರು ಪ್ರಶ್ನೆ ಕೇಳತೊಡಗಿದರು. ಯಾಕೆ ಬಿಚ್ಚಿಟ್ಟಿರಿ? ರಿವಾಲ್ವರಿಗೆ ಅಡ್ಡ ಬರುತ್ತಿತ್ತು. ರಿವಾಲ್ವರ್ ಯಾಕೆ? ಬೆದರಿಕೆ ಬಂತು. ಯಾರು, ಏನೆಂದು ಬೆದರಿಸಿದರು? ಯಾರೋ ಗೊತ್ತಿಲ್ಲ, ಜಾಗ್ರತ್ತ ಅಂದರು.

"ಮತ್ತೇನೆಂದರು?"

"ಅಷ್ಟೇ."

ಜನ ಗೊಳ್ಳೆಂದು ನಕ್ಕರು. ಕಾನ್‌ಸ್ಟೇಬಲ್ ಕೂಡ ಮುಖ ಆಚೆ ತಿರುಗಿಸಿಕೊಂಡ. "ನಮ್ಮ ಮನೆಯವಳು ದಿನಾ ಬೆಳಿಗ್ಗೆ ನನಗೆ ಜಾಗ್ರತ್ತ ಅನ್ನುತ್ತಾಳೆ" ಎಂದರು ವಕೀಲರು. "ಒಂದು ಮಾತಿಗೆ ಲಿಂಗ ಬಿಚ್ಚಿ ರಿವಾಲ್ವರ್ ಕಟ್ಟಿಕೊಂಡವರು, ಮೂಟೆಗಳ ಸಂದಿಯಿಂದ ಏನು ಕಂಡಿರೋ! ಎಷ್ಟು ಏಟು ಬಿತ್ತು?"

"ಮೂರು."

"ಮೂರನ್ನೂ ಕಂಡಿರಾ?"

"ಮೊದಲನೆಯದನ್ನು ಕಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡೆ."

ಅದು ನಿಜ. ಕೋರ್ಟಿನಲ್ಲಿ ನಾನು ಆಡಿದ ಪ್ರತಿಯೊಂದು ಮಾತೂ ನಿಜ. ಮಧ್ಯಾಹ್ನ ಮೂರು ಗಂಟೆಗೆ, ಈ ಒಂದು ಸಾಕ್ಷಿಯ ಮೇಲೆ ಕೇಸು ಮುಂದಕ್ಕೆ ಕಳಿಸಲು ಆಗುವುದಿಲ್ಲವೆಂದು ಅಶ್ವತ್ಥಪ್ಪನನ್ನು ಬಿಟ್ಟರು. ವೆಂಕಟರಾಯಪ್ಪ ಮಗನನ್ನು ಅಪ್ಪಿಕೊಳ್ಳಲಿಲ್ಲ. ದೂರದಲ್ಲೇ ಅವನ ಹಿಂದೆ ಹಿಂದೆ ನಡೆದುಹೋದ.

ಜಗಲಿಯ ಮೇಲೆ ಚೀಟಿ ಕೊಟ್ಟು ರಿವಾಲ್ವರ್ ವಾಪಸು ತೆಗೆದುಕೊಂಡೆ. ಚೀಲಕ್ಕೆ ಸೇರಿಸುವಾಗ ಎರ್ರಮ್ಮ ಹತ್ತಿರ ಬಂದಳು. ಉಗಿಯುತ್ತಾಳೆ ಅಂದುಕೊಂಡೆ. ಉಗಿದಿದ್ದರೆ ಚೆನ್ನಾಗಿತ್ತು.

"ಇದೇನಾ ಸಾವ್ಕಾರ್ರೇ ಅದು?" ಎಂದಳು. ಬಗ್ಗಿ ನೋಡಿದಳು. "ಇಷ್ಟೇ ಇಷ್ಟು ಐತಲ್ಲ."

ನಾನು ಅಂಗಿಯ ಗುಂಡಿ ಹಾಕಿಕೊಂಡೆ.

"ಅವತ್ತು ಇದು ನಿಮ್ ತಾವ ಇದ್ದಿದ್ರೆ, ಹೊರಾಕ್ ಬಂದು ನನ್ ಮಗನ್ನ ಉಳಿಸ್ತಿದ್ರಾ?"

ಅವಳು ಅಣಕಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದಳು. ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

"ಉಳಿಸ್ತಿದ್ದೆ ಕಣಮ್ಮ" ಎಂದೆ.

ಇಷ್ಟು ದಿನದಲ್ಲಿ ಅವಳಿಗೆ ನಾನು ಹೇಳಿದ ಸುಳ್ಳು ಅದೊಂದೇ. ಅವಳು ಅದನ್ನು ನಂಬಿದಳು. ಎರಡೂ ಕೈ ಎತ್ತಿ ನನಗೆ ಮುಗಿದಳು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ನಾನು ಅಲ್ಲಿಂದ ಹೊರಟೆ.